ತನಗೆ ತಾನೇ ಧಣಿಯಾದವನ ಮುಪ್ಪು

ಆಸ್ಟ್ರೇಲಿಯಾದಲ್ಲಿ ಸಂಬಳಕ್ಕೆ ದುಡಿಯುವವನ ಮುಪ್ಪಿನ ಬಗ್ಗೆ ಅವನಿಗಿಂತ ಮೊದಲು ಯೋಚಿಸುವುದು ಇಲ್ಲಿನ ಕಾನೂನು. 1992ರ ಜುಲೈ 1ರಂದು ಜಾರಿಗೆ ಬಂದ ಸೂಪರ್‌ಆನ್ಯುಯೇಷನ್ ಗ್ಯಾರಂಟಿ ವ್ಯವಸ್ಥೆಯ ಪ್ರಕಾರ ಮಾಲೀಕನಾದವನು ನೌಕರನ ಸಂಬಳದ ಜೊತೆಗೆ ಗೊತ್ತಾದ ಪಾಲೊಂದನ್ನು ಅವನ ನಿವೃತ್ತಿ ನಿಧಿಗೆ ಕಟ್ಟಲೇಬೇಕು. ಪಾಲ್ ಕೀಟಿಂಗ್ ಅವರ ಸರ್ಕಾರ ಶೇ. 3-4ರಿಂದ ಆರಂಭಿಸಿದ ಈ ಪಾಲು 2002ರಲ್ಲಿ ಶೇ. 9 ಆಯಿತು, 2025ರ ಜುಲೈ 1ರಿಂದ ಶೇ. 12ಕ್ಕೆ ಬಂದು ನಿಂತಿದೆ. ಜನರ ಬಾಯಲ್ಲಿ ಇದರ ಹೆಸರು ಬರೀ ‘ಸೂಪರ್’. ನೌಕರನಿಗೆ ಇಷ್ಟವಿರಲಿ, ಇಲ್ಲದಿರಲಿ, ನೆನಪಿರಲಿ, ಮರೆತಿರಲಿ, ಈ ಹಣ ಸದ್ದಿಲ್ಲದೆ ಬೆಳೆಯುತ್ತಿರುತ್ತದೆ.

ಆದರೆ ಈ ಕಾನೂನಿನ ಕೊಡೆಯ ಕೆಳಗೆ ನಿಲ್ಲದವರೂ ಇದ್ದಾರೆ. ಸ್ವಂತ ಹೆಸರಿನಲ್ಲಿ ವ್ಯವಹಾರ ನಡೆಸುವ ಏಕಮಾಲೀಕನು, ಪಾಲುದಾರಿಕೆಯಲ್ಲಿ ದುಡಿಯುವವನು ತನಗೋಸ್ಕರ ಸೂಪರ್ ಕಟ್ಟಬೇಕೆಂಬ ಕಡ್ಡಾಯವಿಲ್ಲ. ಸಿಡ್ನಿಯ ವೆಂಟ್‌ವರ್ತ್‌ವಿಲ್, ಹ್ಯಾರಿಸ್ ಪಾರ್ಕ್‌ಗಳಲ್ಲಿ, ಮೆಲ್ಬರ್ನ್‌ನ ಪಾಯಿಂಟ್ ಕುಕ್, ಟಾರ್ನೀಟ್‌ಗಳಲ್ಲಿ ನಮ್ಮವರ ಬೀದಿಯನ್ನು ಒಮ್ಮೆ ಸುತ್ತಿ ಬನ್ನಿ. ಟ್ಯಾಕ್ಸಿ ಓಡಿಸುವವರು, ದಿನಸಿ ಅಂಗಡಿ ಇಟ್ಟವರು, ಮನೆಯಲ್ಲೇ ಅಡುಗೆ ಮಾಡಿ ಸಮಾರಂಭಗಳಿಗೆ ಒದಗಿಸುವ ಗೃಹಿಣಿಯರು, ಭರತನಾಟ್ಯ ಮತ್ತು ಸಂಗೀತದ ಗುರುಗಳು, ಗುತ್ತಿಗೆಯ ಮೇಲೆ ದುಡಿಯುವ ತಂತ್ರಾಂಶ ತಜ್ಞರು, ಎಲ್ಲರೂ ಸಿಗುತ್ತಾರೆ. ನನ್ನ ವೃತ್ತಿಬಾಂಧವರೂ ಇದಕ್ಕೆ ಹೊರತಲ್ಲ. ಇಲ್ಲಿನ ಜಿ.ಪಿ. ವೈದ್ಯರಲ್ಲಿ ಬಹುಮಂದಿ ತಾವು ಕುಳಿತುಕೊಳ್ಳುವ ಕ್ಲಿನಿಕ್ಕಿನ ನೌಕರರಲ್ಲ. ಶುಲ್ಕದಲ್ಲಿ ಒಂದು ಪಾಲನ್ನು ಕ್ಲಿನಿಕ್ಕಿಗೆ ಸೇವಾವೆಚ್ಚವೆಂದು ಕೊಟ್ಟು ಉಳಿದದ್ದನ್ನು ಮನೆಗೆ ಒಯ್ಯುವ ಸ್ವತಂತ್ರ ವೃತ್ತಿನಿರತರು. ಇವರ ಪರವಾಗಿ ಸೂಪರ್ ಕಟ್ಟುವವರು ಯಾರೂ ಇಲ್ಲ.

ಸ್ವಂತ ಉದ್ಯೋಗದವರು ಯಾವ ಪಿಂಚಣಿ ನಿಧಿ ಆರಿಸಿಕೊಳ್ಳಬೇಕು ಎಂಬ ಪ್ರಶ್ನೆ ನಮ್ಮ ಕೂಟಗಳಲ್ಲಿ ಆಗಾಗ ಏಳುತ್ತದೆ. ಅದಕ್ಕೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆಯೇ ಇದೆ: ತನಗೆ ತಾನೇ ಧಣಿಯಾದವನು ತನ್ನ ಏಕೈಕ ನೌಕರನ ಮಟ್ಟಿಗೆ ಎಂತಹ ಧಣಿ?

ನಾವು ಹುಟ್ಟಿ ಬೆಳೆದ ಕರ್ನಾಟಕದಲ್ಲಿ ಪಿಂಚಣಿ ಎಂಬುದು ಸರ್ಕಾರಿ ನೌಕರಿಯ ಇನ್ನೊಂದು ಹೆಸರಾಗಿತ್ತು. ಶಾಲಾ ಮಾಸ್ತರರು, ಅಂಚೆ ಗುಮಾಸ್ತರು, ತಾಲ್ಲೂಕು ಕಚೇರಿಯವರು ನಿವೃತ್ತರಾದ ಮೇಲೂ ತಿಂಗಳ ಮೊದಲ ವಾರ ಬ್ಯಾಂಕಿಗೆ ಹೋಗಿ ಬರುತ್ತಿದ್ದುದನ್ನು ಕಂಡ ತಲೆಮಾರು ನಮ್ಮದು. ಆ ಭದ್ರತೆ ಅಲ್ಲಿಯೂ ಉಳಿದಿಲ್ಲ. 2006ರ ಏಪ್ರಿಲ್ 1ರ ನಂತರ ನೇಮಕಗೊಂಡ ಕರ್ನಾಟಕದ ಸರ್ಕಾರಿ ನೌಕರರು ಹೊಸ ಪಿಂಚಣಿ ಯೋಜನೆಗೆ ಸೇರಿದವರು. ಹಳೆಯದನ್ನು ಮರಳಿ ತನ್ನಿ ಎಂದು ಅವರು ನಡೆಸುತ್ತಿರುವ ಹೋರಾಟ ಪತ್ರಿಕೆ ಓದುವವರಿಗೆಲ್ಲ ಗೊತ್ತು. ಸರ್ಕಾರಿ ನೌಕರಿಯಿಲ್ಲದ ರೈತರು, ವ್ಯಾಪಾರಿಗಳು ಮಾತ್ರ ಎಂದಿನಿಂದಲೂ ಮೂರು ಕಂಬಗಳನ್ನು ನೆಚ್ಚಿದ್ದರು: ನಡೆಯುತ್ತಿರುವ ವ್ಯವಹಾರ, ಕೊಂಡಿಟ್ಟ ನೆಲ, ಹೆತ್ತ ಮಕ್ಕಳು. ಸಮುದ್ರ ದಾಟಿ ಬಂದ ನಾವು ಈ ಮೂರನ್ನೂ ಜೊತೆಗೇ ತಂದಿದ್ದೇವೆ. ಅವು ಇಲ್ಲಿ ಎಷ್ಟು ಭಾರ ಹೊರಬಲ್ಲವು ಎಂಬುದನ್ನು ಪರೀಕ್ಷಿಸಿಲ್ಲ.

ಮೊದಲ ಕಂಬ ವ್ಯವಹಾರ. ‘ನನ್ನ ಅಂಗಡಿಯೇ ನನ್ನ ಪಿಂಚಣಿ’ ಎನ್ನುವವರು ಮೆಲ್ಬರ್ನ್ ಮತ್ತು ಸಿಡ್ನಿಯ ಟ್ಯಾಕ್ಸಿ ಪರವಾನಗಿಗಳ ಕಥೆಯನ್ನು ಅರಿತಿರಬೇಕು. ಒಂದು ಕಾಲಕ್ಕೆ ಮೆಲ್ಬರ್ನ್‌ನಲ್ಲಿ ಟ್ಯಾಕ್ಸಿ ಪರವಾನಗಿಯೊಂದರ ಬೆಲೆ ಸುಮಾರು 5 ಲಕ್ಷ ಡಾಲರ್ ಮುಟ್ಟಿತ್ತು. ದುಡಿದು ದಣಿದ ಚಾಲಕರು ಸಾಲ ಮಾಡಿ ಅದನ್ನು ಕೊಂಡರು. ವಯಸ್ಸಾದ ಮೇಲೆ ಬಾಡಿಗೆಗೆ ಕೊಡಬಹುದು, ಬೇಕಾದಾಗ ಮಾರಬಹುದು, ಸರ್ಕಾರವೇ ಸಂಖ್ಯೆಗೆ ಮಿತಿ ಹಾಕಿರುವುದರಿಂದ ಬೆಲೆ ಇಳಿಯಲಾರದು ಎಂಬುದು ಲೆಕ್ಕಾಚಾರ. 2014ರಲ್ಲಿ ಊಬರ್‌ನ ಖಾಸಗಿ ಕಾರುಗಳು ಬೀದಿಗಿಳಿದವು. 2017ರಲ್ಲಿ ವಿಕ್ಟೋರಿಯಾ ಸರ್ಕಾರ ಹಳೆಯ ಪರವಾನಗಿ ಪದ್ಧತಿಯನ್ನೇ ರದ್ದುಪಡಿಸಿ, ಮೊದಲ ಪರವಾನಗಿಗೆ 1 ಲಕ್ಷ ಡಾಲರ್, ಅನಂತರದ ಮೂರಕ್ಕೆ ತಲಾ 50 ಸಾವಿರ ಡಾಲರ್ ಪರಿಹಾರವನ್ನು ನಿಗದಿಪಡಿಸಿತು. ನ್ಯೂ ಸೌತ್ ವೇಲ್ಸ್‌ನಲ್ಲಿ 2022ರ ಕಾಯಿದೆಯ ನಂತರ ಸಿಡ್ನಿ ಮಹಾನಗರದ ಪರವಾನಗಿಯೊಂದಕ್ಕೆ ದೊರೆತ ನೆರವು 1.5 ಲಕ್ಷ ಡಾಲರ್. ಟ್ಯಾಕ್ಸಿಯವರು ಊಬರ್ ವಿರುದ್ಧ ಹೂಡಿದ ಸಾಮೂಹಿಕ ದಾವೆ 2024ರಲ್ಲಿ 27.18 ಕೋಟಿ ಡಾಲರ್‌ಗಳಿಗೆ ರಾಜಿಯಾಯಿತು. ಆದರೆ ಅದು ಸಾವಿರಾರು ಜನರ ನಡುವೆ ಹಂಚಿಹೋಗಬೇಕಾದ ಹಣ.

ಇದರಲ್ಲಿ ಯಾರ ತಪ್ಪು ಎಷ್ಟು ಎಂಬ ವಾದ ಇಂದಿಗೂ ಮುಗಿದಿಲ್ಲ. ನಮಗೆ ಬೇಕಾದ ಪಾಠ ಅದಲ್ಲ. ಇವತ್ತಿನ ಅನ್ನ ಕೊಡುವ ವೃತ್ತಿಯೇ ನಾಳಿನ ಪಿಂಚಣಿಯೂ ಆದರೆ, ವೃತ್ತಿಗೆ ಬಿದ್ದ ಒಂದೇ ಪೆಟ್ಟಿಗೆ ಎರಡೂ ಉರುಳುತ್ತವೆ. ಇದು ಟ್ಯಾಕ್ಸಿಗೆ ಮಾತ್ರ ಸಲ್ಲುವ ಮಾತಲ್ಲ. ಅಂಗಡಿಯ ಎದುರಿಗೆ ದೊಡ್ಡ ಸೂಪರ್‌ಮಾರ್ಕೆಟ್ ತೆರೆಯಬಹುದು. ಹತ್ತು ವರ್ಷದ ಕ್ಲಿನಿಕ್ಕಿನ ಪಕ್ಕದಲ್ಲೇ ಹೊಸದೊಂದು ಏಳಬಹುದು. ವ್ಯವಹಾರ ಮಾರಿ ನಿವೃತ್ತನಾಗುವ ಸಣ್ಣ ಉದ್ಯಮಿಗೆ ಬಂಡವಾಳ ಲಾಭದ ತೆರಿಗೆಯಲ್ಲಿ ಜೀವಮಾನದಲ್ಲಿ 5 ಲಕ್ಷ ಡಾಲರ್‌ವರೆಗಿನ ನಿವೃತ್ತಿ ವಿನಾಯಿತಿ ಇದೆ, ನಿಜ. ಆದರೆ ಕೊಳ್ಳುವವನು ಸಿಕ್ಕಾಗ ಮಾತ್ರ ಆ ವಿನಾಯಿತಿಗೆ ಅರ್ಥ.

ವೈದ್ಯನಾಗಿ ಇನ್ನೊಂದು ಮಾತನ್ನು ಹೇಳಲೇಬೇಕು. ನಿವೃತ್ತಿಯ ದಿನವನ್ನು ನಾವೇ ಗೊತ್ತುಮಾಡುತ್ತೇವೆ ಎಂಬುದು ಆರೋಗ್ಯವಂತರ ಭ್ರಮೆ. ಬಹಳ ಸಲ ಆ ದಿನವನ್ನು ಗೊತ್ತುಮಾಡುವುದು ಬೆನ್ನುಹುರಿ, ಮಂಡಿಯ ಮೂಳೆ, ಹೃದಯದ ರಕ್ತನಾಳ. ನೌಕರನಿಗಾದರೆ ಅನಾರೋಗ್ಯದ ರಜೆಯಿದೆ. ಸ್ವಂತ ಉದ್ಯೋಗದವನಿಗೆ ದೇಹವೇ ಬಂಡವಾಳ. ದೇಹ ಮಲಗಿದ ದಿನವೇ ಗಳಿಕೆಯೂ ಮಲಗುತ್ತದೆ. ಅರವತ್ತು ದಾಟಿದ ಮೇಲೂ ಸೊಂಟಕ್ಕೆ ಪಟ್ಟಿ ಬಿಗಿದು ದಿನಕ್ಕೆ ಹತ್ತು ಗಂಟೆ ಕಾರು ಓಡಿಸುವವರಿಗೆ ವಿಶ್ರಾಂತಿಯನ್ನು ಔಷಧವೆಂದು ಬರೆದುಕೊಡುವುದು ನನಗೆ ಸುಲಭ. ಅದನ್ನು ಕೊಳ್ಳುವ ಶಕ್ತಿ ಅವರಲ್ಲಿರುವುದಿಲ್ಲ.

ಎರಡನೆಯ ಕಂಬ ನೆಲ. ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಒಂದು ಸೈಟು, ಒಂದು ಫ್ಲ್ಯಾಟು ಇದ್ದರೆ ಸಾಕು, ಉಳಿದದ್ದನ್ನು ಇಲ್ಲಿನ ಸರ್ಕಾರದ ವೃದ್ಧಾಪ್ಯ ವೇತನ ನೋಡಿಕೊಳ್ಳುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಈ ಏಜ್ ಪೆನ್ಷನ್ ದೊರೆಯುವುದು 67ನೆಯ ವಯಸ್ಸಿಗೆ. ಅದಕ್ಕೆ ಹತ್ತು ವರ್ಷಗಳ ವಾಸ, ಅದರಲ್ಲೂ ಐದು ವರ್ಷ ನಿರಂತರ ವಾಸ ಆಗಿರಬೇಕು. ಜೊತೆಗೆ ಆದಾಯ ಮತ್ತು ಆಸ್ತಿ ಎರಡರ ಪರೀಕ್ಷೆಯೂ ಉಂಟು. ವಾಸದ ಮನೆಯನ್ನು ಆಸ್ತಿಯ ಲೆಕ್ಕದಿಂದ ಬಿಡುತ್ತಾರೆ. ಬೆಂಗಳೂರಿನ ಸೈಟನ್ನು ಬಿಡುವುದಿಲ್ಲ. ವಿದೇಶದ ಆಸ್ತಿಯೂ ಲೆಕ್ಕಕ್ಕೆ ಸೇರುತ್ತದೆ. ಅಂದರೆ ಪೆನ್ಷನ್ ಜೊತೆಗೆ ಇರಲಿ ಎಂದು ಕೊಂಡ ನೆಲವೇ ಆ ಪೆನ್ಷನ್ನನ್ನು ಕಡಿಮೆ ಮಾಡಬಹುದು. ಪೂರ್ತಿ ದೊರೆತರೂ 2025ರ ಸೆಪ್ಟೆಂಬರ್‌ನಲ್ಲಿ ಒಂಟಿ ವ್ಯಕ್ತಿಗೆ ನಿಗದಿಯಾದ ಮೊತ್ತ ಎರಡು ವಾರಕ್ಕೆ 1,178.70 ಡಾಲರ್. ಸ್ವಂತ ಮನೆಯಿಲ್ಲದೆ ಸಿಡ್ನಿಯಲ್ಲಿ ಬಾಡಿಗೆ ಕಟ್ಟುವವರಿಗೆ ಇದರಲ್ಲಿ ಎಷ್ಟು ಉಳಿದೀತು ಎಂಬುದನ್ನು ಓದುಗರೇ ಊಹಿಸಬಹುದು.

ಆದರೂ ಈ ವೇತನವನ್ನು ಹಗುರವಾಗಿ ಕಾಣಬಾರದು. 1908ರ ಮೂಲ ಕಾಯಿದೆಯಲ್ಲಿ ಆಸ್ಟ್ರೇಲಿಯಾದಲ್ಲೇ ಹುಟ್ಟಿದವರ ಹೊರತು ಉಳಿದ ಏಷ್ಯಾದವರಿಗೆ ಇದು ನಿಷಿದ್ಧವಾಗಿತ್ತು. ವಿ.ಎಸ್. ಶ್ರೀನಿವಾಸ ಶಾಸ್ತ್ರಿಯವರು 1922ರಲ್ಲಿ ಇಲ್ಲಿಗೆ ಬಂದು ಇಲ್ಲಿದ್ದ ಭಾರತೀಯರ ಪರವಾಗಿ ವಾದಿಸಿ ಹೋದ ಬಳಿಕ, 1925ರಲ್ಲಿ ಮತದಾನದ ಹಕ್ಕೂ 1926ರಲ್ಲಿ ವೃದ್ಧಾಪ್ಯ ವೇತನದ ಹಕ್ಕೂ ಬ್ರಿಟಿಷ್ ಇಂಡಿಯಾದಿಂದ ಬಂದವರಿಗೆ ದೊರೆತವು. ಹೋರಾಡಿ ಪಡೆದ ಹಕ್ಕು ಅದು. ಬಿದ್ದಾಗ ಹಿಡಿಯುವ ಬಲೆಯಾಗಿ ಅದು ಇರಲಿ. ಮಲಗುವ ಮಂಚವೆಂದು ಎಣಿಸುವುದು ಬೇಡ.

ಮೂರನೆಯ ಕಂಬವಾದ ಮಕ್ಕಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಅವರ ಪ್ರೀತಿಗೆ ಕೊರತೆಯಿರಲಾರದು. ಆದರೆ ಈ ಎರಡು ನಗರಗಳಲ್ಲಿ ಮನೆ ಕೊಳ್ಳಲು ಅವರೇ ನಮ್ಮ ನೆರವಿಗೆ ಕಾಯುವ ಕಾಲವಿದು.

ಈ ಮೂರೂ ಸಾಲದು ಎಂದ ಮೇಲೆ ಉಳಿಯುವ ದಾರಿ, ಕಾನೂನು ಬೇರೆ ಧಣಿಗಳ ಮೇಲೆ ಹೊರಿಸಿದ ಹೊಣೆಯನ್ನು ನಾವೇ ನಮ್ಮ ಮೇಲೆ ಹೊರಿಸಿಕೊಳ್ಳುವುದು. ಅದಕ್ಕೆ ಮುನ್ನ ನಾವು ನಿಜಕ್ಕೂ ಸ್ವಂತ ಉದ್ಯೋಗದವರೇ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಎಬಿಎನ್ ಸಂಖ್ಯೆ ಪಡೆದ ಮಾತ್ರಕ್ಕೆ ಸೂಪರ್ ಹಕ್ಕು ಹೋಗುವುದಿಲ್ಲ. ಒಬ್ಬ ವ್ಯಕ್ತಿಯ ಜೊತೆಗಿನ ಒಪ್ಪಂದವು ಸಂಪೂರ್ಣವಾಗಿ ಅಥವಾ ಬಹುಪಾಲು ಅವನ ಸ್ವಂತ ಶ್ರಮಕ್ಕೇ ಆಗಿದ್ದರೆ, ಕೆಲಸ ಕೊಟ್ಟವರು ಅವನಿಗೂ ಸೂಪರ್ ಕಟ್ಟಬೇಕಾಗಬಹುದು. ಹಾಗೆಯೇ ಸ್ವಂತ ಕಂಪನಿ ತೆರೆದು ಅದರಿಂದ ಸಂಬಳ ಪಡೆಯುವ ನಿರ್ದೇಶಕನು ಕಾನೂನಿನ ಕಣ್ಣಿಗೆ ನೌಕರನೇ; ಅವನ ಕಂಪನಿ ಅವನಿಗೆ ಸೂಪರ್ ಕಟ್ಟಲೇಬೇಕು.

ನಿಜವಾದ ಏಕಮಾಲೀಕನಿಗೆ ಸರಳವಾದ ಸೂತ್ರ ಒಂದೇ: ಇತರರಿಗೆ ಕಾನೂನು ಕೊಡಿಸುವ ಶೇ. 12ನ್ನು ನಮಗೆ ನಾವೇ ಕೊಟ್ಟುಕೊಳ್ಳುವುದು. ಖರ್ಚು ಕಳೆದು ವರ್ಷಕ್ಕೆ 1 ಲಕ್ಷ ಡಾಲರ್ ಉಳಿಸುವವರಿಗೆ ಇದು ತಿಂಗಳಿಗೆ 1,000 ಡಾಲರ್. ಹಣದುಬ್ಬರ ಕಳೆದು ಶೇ. 5ರಷ್ಟು ಬೆಳವಣಿಗೆ ಎಂದು ಇಟ್ಟುಕೊಂಡರೆ, ವರ್ಷಕ್ಕೆ 10,000 ಡಾಲರ್‌ನಂತೆ 25 ವರ್ಷ ಕಟ್ಟಿದವನ ಬಳಿ ಸುಮಾರು 4.77 ಲಕ್ಷ ಸೇರುತ್ತದೆ. ಹತ್ತು ವರ್ಷ ತಡಮಾಡಿ 15 ವರ್ಷ ಮಾತ್ರ ಕಟ್ಟಿದವನಿಗೆ 2.16 ಲಕ್ಷ. ತಪ್ಪಿಸಿದ್ದು ಒಂದು ಲಕ್ಷ, ಕಳೆದುಕೊಂಡದ್ದು ಎರಡೂವರೆ ಲಕ್ಷಕ್ಕೂ ಹೆಚ್ಚು. ಹನಿಗೂಡಿದರೆ ಹಳ್ಳ ಎಂಬ ಗಾದೆಗೆ ಕಾಲವೂ ಕೂಡಬೇಕು ಎಂಬ ಷರತ್ತು ಅಡಗಿದೆ.

ತೆರಿಗೆಯೂ ಈ ಶಿಸ್ತಿಗೆ ಕೈಗೊಡುತ್ತದೆ. 2017ರ ಜುಲೈನಿಂದ ಹೆಚ್ಚುಕಡಿಮೆ ಎಲ್ಲ ದುಡಿಯುವವರೂ ತಾವೇ ಕಟ್ಟಿದ ಸೂಪರ್ ಹಣವನ್ನು ಆದಾಯದಿಂದ ಕಳೆಯಬಹುದಾಗಿದೆ. ಶೇ. 30ರ ಹಂತದಲ್ಲಿರುವವನು 10,000 ಡಾಲರ್‌ಗೆ ಮೆಡಿಕೇರ್ ಸುಂಕವೂ ಸೇರಿ 3,200 ತೆರಿಗೆ ಕೊಡಬೇಕಾದ ಕಡೆ, ನಿಧಿಯೊಳಗೆ ಶೇ. 15ರಂತೆ 1,500 ಮಾತ್ರ ಕಡಿತವಾಗುತ್ತದೆ. ಇಂತಹ ರಿಯಾಯಿತಿ ದರದ ಕಂತಿಗೆ 2024-25 ಮತ್ತು 2025-26ನೇ ಸಾಲುಗಳಲ್ಲಿ ವಾರ್ಷಿಕ ಮಿತಿ 30,000 ಡಾಲರ್. ನಿಧಿಯಲ್ಲಿರುವ ಒಟ್ಟು ಮೊತ್ತ 5 ಲಕ್ಷಕ್ಕಿಂತ ಕಡಿಮೆಯಿದ್ದರೆ, ಹಿಂದಿನ ಐದು ವರ್ಷ ಬಳಸದೆ ಉಳಿದ ಮಿತಿಯನ್ನೂ ಸೇರಿಸಿ ಕಟ್ಟಬಹುದು. ಒಂದು ವರ್ಷ ಭರ್ತಿ, ಇನ್ನೊಂದು ವರ್ಷ ಬರ ಎಂಬಂತೆ ಗಳಿಸುವ ನಮ್ಮಂಥವರಿಗೆ ಈ ಸವಲತ್ತು ಹೇಳಿ ಮಾಡಿಸಿದ್ದು. ಒಂದೇ ಎಚ್ಚರ: ವಿನಾಯಿತಿ ಕೇಳುವ ಇರಾದೆಯ ನೋಟಿಸನ್ನು ನಿಧಿಗೆ ಕೊಟ್ಟು, ಅವರ ಸ್ವೀಕೃತಿ ಬಂದ ಬಳಿಕವೇ ತೆರಿಗೆ ವಿವರ ಸಲ್ಲಿಸಬೇಕು. ಆದಾಯ ತೀರಾ ಕಡಿಮೆಯಿರುವವರಿಗೆ ಬೇರೆ ದಾರಿಯಿದೆ. ವಿನಾಯಿತಿ ಕೇಳದೆ 1,000 ಡಾಲರ್ ಕಟ್ಟಿದರೆ, ಅರ್ಹತೆಯಿದ್ದವರಿಗೆ ಸರ್ಕಾರವೇ 500 ಡಾಲರ್‌ವರೆಗೆ ಸೇರಿಸುತ್ತದೆ. ಮನೆಯಿಂದಲೇ ದುಡಿಯುವ ನಮ್ಮ ಹೆಣ್ಣುಮಕ್ಕಳಲ್ಲಿ ಎಷ್ಟು ಮಂದಿಗೆ ಇದು ಗೊತ್ತು?

‘ಅರವತ್ತರವರೆಗೆ ಮುಟ್ಟಲಾಗದ ಹಣ ಯಾಕೆ?’ ಎಂಬ ಆಕ್ಷೇಪ ನ್ಯಾಯವಾದದ್ದೇ. ವ್ಯವಹಾರಕ್ಕೆ ಕೈಯಲ್ಲಿ ಹಣ ಬೇಕು. ಆರು ತಿಂಗಳ ಖರ್ಚನ್ನು ಹೊರಗೆ ಇಟ್ಟುಕೊಳ್ಳದೆ ಸೂಪರ್‌ಗೆ ಸುರಿಯಿರಿ ಎಂದು ನಾನು ಹೇಳಲಾರೆ. ಆದರೆ ಮುಟ್ಟಲಾಗದಿರುವುದು ಈ ಹಣದ ದೋಷವಷ್ಟೇ ಅಲ್ಲ, ಗುಣವೂ ಹೌದು. ಅಂಗಡಿಯ ಸಾಲಕ್ಕೆ, ಮಗಳ ಮದುವೆಗೆ, ಊರಿನ ಮನೆಯ ಮಹಡಿಗೆ ಕೈಗೆಟುಕುವ ಹಣ ಮುಪ್ಪಿನವರೆಗೆ ಉಳಿದ ಉದಾಹರಣೆ ವಿರಳ.

ಇನ್ನು ಯಾವ ನಿಧಿ? ಮೊದಲು ನೋಡಬೇಕಾದದ್ದು ಶುಲ್ಕ. ಮೇಲಿನ ಲೆಕ್ಕದಲ್ಲೇ ಶುಲ್ಕ ಶೇ. 1ರಷ್ಟು ಹೆಚ್ಚಾಗಿ ಬೆಳವಣಿಗೆ ಶೇ. 4ಕ್ಕೆ ಇಳಿದರೆ 4.77 ಲಕ್ಷವಾಗಬೇಕಾದದ್ದು 4.16 ಲಕ್ಷಕ್ಕೆ ನಿಲ್ಲುತ್ತದೆ. ನಿಧಾನವಾದ ರಕ್ತಸ್ರಾವ ಇದು; ನೋವಿಲ್ಲದ ಕಾರಣ ಗಮನಕ್ಕೆ ಬರುವುದಿಲ್ಲ. 2021ರಿಂದ ನಿಯಂತ್ರಕ ಸಂಸ್ಥೆಯಾದ ಎಪಿಆರ್‌ಎ ಪ್ರತಿವರ್ಷ ನಿಧಿಗಳ ಸಾಧನೆಯನ್ನು ಪರೀಕ್ಷಿಸುತ್ತಿದೆ. ಮೊದಲ ವರ್ಷವೇ 76 ಮೈಸೂಪರ್ ಯೋಜನೆಗಳಲ್ಲಿ 13 ಅನುತ್ತೀರ್ಣವಾದವು. ಸತತ ಎರಡು ಸಲ ಸೋತದ್ದು ಹೊಸ ಸದಸ್ಯರನ್ನು ಸೇರಿಸಿಕೊಳ್ಳುವಂತಿಲ್ಲ. ತೆರಿಗೆ ಇಲಾಖೆಯ ‘ಯುವರ್‌ಸೂಪರ್’ ಹೋಲಿಕೆ ಪಟ್ಟಿಯಲ್ಲಿ ಇವೆಲ್ಲವೂ ಉಚಿತವಾಗಿ ಸಿಗುತ್ತವೆ. ಅದನ್ನು ನೋಡುವ ಅರ್ಧ ಗಂಟೆಯ ಶ್ರಮ, ಗೆಳೆಯರ ಬಾಯಿಮಾತಿಗಿಂತ ಹೆಚ್ಚು ಬೆಲೆಯುಳ್ಳದ್ದು.

ಎರಡನೆಯದು ವಿಮೆ. ಬಹಳಷ್ಟು ನಿಧಿಗಳಲ್ಲಿ ಜೀವವಿಮೆ, ಶಾಶ್ವತ ಅಂಗವೈಕಲ್ಯದ ವಿಮೆ ಅಡಕವಾಗಿರುತ್ತವೆ. ಆದರೆ 2019ರ ಜುಲೈನಿಂದ ಜಾರಿಯಲ್ಲಿರುವ ನಿಯಮದಂತೆ, 16 ತಿಂಗಳ ಕಾಲ ಹಣ ಜಮೆಯಾಗದ ಖಾತೆಯ ವಿಮೆ, ಸದಸ್ಯನು ಉಳಿಸಿ ಎಂದು ಬರೆದುಕೊಡದಿದ್ದರೆ ಸಾಮಾನ್ಯವಾಗಿ ರದ್ದಾಗುತ್ತದೆ. ನೌಕರಿ ಬಿಟ್ಟು ಸ್ವಂತ ಉದ್ಯೋಗಕ್ಕೆ ಇಳಿದವನ ಹಳೆಯ ಖಾತೆಗೆ ಆಗುವುದು ಇದೇ. ರಕ್ಷಣೆ ಅತ್ಯಗತ್ಯವಾದ ಹೊತ್ತಿನಲ್ಲೇ ಅದು ಕಳಚಿ ಬೀಳುತ್ತದೆ. ಸಣ್ಣ ಕಂತಾದರೂ ಸರಿ, ಖಾತೆ ಜೀವಂತವಾಗಿರಬೇಕು. ಮಧುಮೇಹ, ರಕ್ತದೊತ್ತಡ ಬಂದ ಮೇಲೆ ಹೊಸ ವಿಮೆ ಪಡೆಯುವುದು ಎಷ್ಟು ಕಷ್ಟ ಎಂಬುದನ್ನು ವೈದ್ಯರಿಗೆ ಯಾರೂ ವಿವರಿಸಬೇಕಿಲ್ಲ.

ವೈದ್ಯರ ಮತ್ತು ಉದ್ಯಮಿಗಳ ವಲಯದಲ್ಲಿ ಪ್ರತಿಷ್ಠೆಯ ಮಾತಾಗಿರುವುದು ಸ್ವಯಂ ನಿರ್ವಹಣೆಯ ಸೂಪರ್, ಅಂದರೆ ಎಸ್‌ಎಂಎಸ್‌ಎಫ್. ಇದರಲ್ಲಿ ಆರು ಸದಸ್ಯರವರೆಗೆ ಸೇರಿ ತಾವೇ ಧರ್ಮದರ್ಶಿಗಳಾಗಬಹುದು. ತನ್ನ ಕ್ಲಿನಿಕ್ಕಿನ ಕಟ್ಟಡವನ್ನು ನಿಧಿಯ ಹೆಸರಿನಲ್ಲಿ ಕೊಂಡು, ಮಾರುಕಟ್ಟೆ ದರದ ಬಾಡಿಗೆಯನ್ನು ತನ್ನ ನಿಧಿಗೇ ಕಟ್ಟಬಹುದು. ಅನುಕೂಲ ದೊಡ್ಡದು, ಹೊಣೆ ಇನ್ನೂ ದೊಡ್ಡದು. ಪ್ರತಿವರ್ಷ ಲೆಕ್ಕಪರಿಶೋಧನೆ ಆಗಬೇಕು, ಖರ್ಚು ಬೇರೆ. ಕ್ಲಿನಿಕ್ಕಿನ ಕಟ್ಟಡವೊಂದೇ ನಿಧಿಯ ಆಸ್ತಿಯಾದರೆ ಟ್ಯಾಕ್ಸಿ ಪರವಾನಗಿಯ ಪಾಠವನ್ನು ಮರೆತಂತೆಯೇ ಸರಿ. ಟ್ರಯೋ ಕ್ಯಾಪಿಟಲ್ ಎಂಬ ಸಂಸ್ಥೆ ವಂಚನೆಯಿಂದ ಕುಸಿದಾಗ, 2011ರಲ್ಲಿ ಸರ್ಕಾರ ಎಪಿಆರ್‌ಎ ನಿಗಾದಲ್ಲಿದ್ದ ನಿಧಿಗಳ ಸದಸ್ಯರಿಗೆ ಸುಮಾರು 5.5 ಕೋಟಿ ಡಾಲರ್ ಪರಿಹಾರ ಕೊಟ್ಟಿತು. ಸ್ವಯಂ ನಿರ್ವಹಣೆಯ ನಿಧಿಗಳಿಗೆ ಆ ಪರಿಹಾರ ದೊರೆಯಲಿಲ್ಲ. ದೊಡ್ಡ ನಿಧಿಗಳಲ್ಲೂ ಎಚ್ಚರ ಬೇಕೇ ಬೇಕು. ಶೀಲ್ಡ್ ಮತ್ತು ಫಸ್ಟ್ ಗಾರ್ಡಿಯನ್ ಯೋಜನೆಗಳ ಪತನದಲ್ಲಿ ಸಾವಿರಾರು ಜನರ ನಿವೃತ್ತಿ ಹಣ ಸಿಕ್ಕಿಕೊಂಡಿತು. ‘ನಿಮ್ಮ ಸೂಪರ್ ಉಚಿತವಾಗಿ ತಪಾಸಣೆ ಮಾಡುತ್ತೇವೆ’ ಎಂಬ ಅಪರಿಚಿತ ಕರೆಯಿಂದಲೇ ಅವರಲ್ಲಿ ಅನೇಕರ ಸಂಕಟ ಶುರುವಾಯಿತು. ಸಲಹೆಗಾರರ ಹೆಸರು ಸರ್ಕಾರದ ‘ಮನಿಸ್ಮಾರ್ಟ್’ ತಾಣದ ನೋಂದಣಿ ಪಟ್ಟಿಯಲ್ಲಿ ಇದೆಯೇ ಎಂದು ನೋಡದೆ ಮುಂದುವರಿಯಬಾರದು.

ಊರಿಗೆ ಮರಳುವ ಕನಸುಳ್ಳವರು ಇನ್ನೂ ಕೆಲವನ್ನು ಮುಂಚೆಯೇ ಯೋಚಿಸಬೇಕು. ಏಜ್ ಪೆನ್ಷನ್ ಪಡೆಯುವವರು 26 ವಾರ ಮೀರಿ ಹೊರದೇಶದಲ್ಲಿದ್ದರೆ, ಇಲ್ಲಿ ದುಡಿಯುವ ವಯಸ್ಸಿನಲ್ಲಿ ವಾಸಿಸಿದ ವರ್ಷಗಳನ್ನು 35ರ ಅಳತೆಗೆ ಹಿಡಿದು ಮೊತ್ತವನ್ನು ಇಳಿಸಲಾಗುತ್ತದೆ. ನಲವತ್ತರಲ್ಲಿ ಬಂದವರಿಗೆ 35 ವರ್ಷ ತುಂಬುವ ಮಾತೆಲ್ಲಿ? ಸ್ವಯಂ ನಿರ್ವಹಣೆಯ ನಿಧಿಯ ಆಡಳಿತ ಆಸ್ಟ್ರೇಲಿಯಾದಲ್ಲೇ ಇರಬೇಕೆಂಬ ನಿಯಮವಿದೆ. ಬೆಂಗಳೂರಿನಲ್ಲಿ ನೆಲೆಸಿ ಅದನ್ನು ನಡೆಸಹೊರಟರೆ ನಿಧಿ ಮಾನ್ಯತೆ ಕಳೆದುಕೊಂಡು ಭಾರಿ ತೆರಿಗೆಗೆ ಗುರಿಯಾಗಬಹುದು. ಅರವತ್ತರ ನಂತರ ಇಲ್ಲಿ ಸಾಮಾನ್ಯವಾಗಿ ತೆರಿಗೆಯಿಲ್ಲದೆ ಕೈಸೇರುವ ಸೂಪರ್, ಭಾರತದ ನಿವಾಸಿಯಾದವನಿಗೆ ಅಲ್ಲಿಯೂ ಹಾಗೆಯೇ ಇರುತ್ತದೆ ಎಂದು ಊಹಿಸಬಾರದು. ವಿದೇಶಿ ನಿವೃತ್ತಿ ಖಾತೆಗಳಿಗೆ ಭಾರತ 2022ರಲ್ಲಿ ಕೊಟ್ಟ ವಿಶೇಷ ಸೌಲಭ್ಯದ ಪಟ್ಟಿಯಲ್ಲಿ ಅಮೆರಿಕ, ಬ್ರಿಟನ್, ಕೆನಡಾ ಇದ್ದವು, ಆಸ್ಟ್ರೇಲಿಯಾ ಇರಲಿಲ್ಲ. ವಿಮಾನ ಹತ್ತುವ ಮುನ್ನ ಎರಡೂ ದೇಶಗಳ ತೆರಿಗೆ ಬಲ್ಲವರನ್ನು ಕೇಳುವುದು ಜಾಣತನ.

ನಾಮನಿರ್ದೇಶನದ ಮಾತೂ ಮುಖ್ಯ. ಸೂಪರ್ ಹಣ ತಾನಾಗಿ ಉಯಿಲಿನ ಪಾಲಿಗೆ ಸೇರುವುದಿಲ್ಲ. ಸಂಗಾತಿ, ಮಕ್ಕಳು, ಆರ್ಥಿಕವಾಗಿ ಅವಲಂಬಿತರಾದವರು, ಇಂಥವರ ಹೆಸರನ್ನು ಮಾತ್ರ ನೇರವಾಗಿ ಸೂಚಿಸಬಹುದು. ಊರಿನಲ್ಲಿರುವ ತಮ್ಮನಿಗೆ ಸೇರಲಿ ಎಂಬ ಇಚ್ಛೆಯಿದ್ದರೆ ಉಯಿಲಿನ ಮೂಲಕವೇ ಅದಕ್ಕೆ ದಾರಿ ಮಾಡಬೇಕು. ಬದ್ಧ ನಾಮನಿರ್ದೇಶನ ಅನೇಕ ನಿಧಿಗಳಲ್ಲಿ ಮೂರು ವರ್ಷಕ್ಕೆ ಮುಗಿದುಹೋಗುತ್ತದೆ ಎಂಬುದೂ ನೆನಪಿರಲಿ.

ಸ್ವಂತ ಉದ್ಯೋಗದವರಿಗೂ ಕಡ್ಡಾಯವನ್ನು ವಿಸ್ತರಿಸಬೇಕೆ? ಗಳಿಕೆ ಏರಿಳಿಯುವ ಸಣ್ಣವರ ಮೇಲೆ ಒಂದೇ ಅಳತೆಯ ಹೊರೆ ಹೊರಿಸುವುದು ಸರಿಯೆನಿಸದು. ಆದರೆ ವರ್ಷದ ತೆರಿಗೆ ವಿವರ ಸಲ್ಲಿಸುವಾಗಲೇ, ‘ನಿಮ್ಮ ಸೂಪರ್‌ಗೆ ಈ ವರ್ಷ ಏನೂ ಸೇರಿಲ್ಲ, ಒಂದು ಪಾಲು ಕಟ್ಟುವಿರಾ?’ ಎಂದು ಕೇಳಿ, ಬೇಡವೆಂದವರನ್ನು ಮಾತ್ರ ಬಿಟ್ಟುಬಿಡುವ ಮಧ್ಯದ ದಾರಿಯೊಂದನ್ನು ಸರ್ಕಾರ ಯೋಚಿಸಬಹುದು. ನಮ್ಮ ಕನ್ನಡ ಸಂಘಗಳೂ ಕೈಜೋಡಿಸಬಹುದು. ಯುಗಾದಿಗೆ, ರಾಜ್ಯೋತ್ಸವಕ್ಕೆ ಸೇರುವ ಸಭಾಂಗಣದಲ್ಲೇ ವರ್ಷಕ್ಕೊಮ್ಮೆ, ಏನನ್ನೂ ಮಾರಲು ಬಾರದ ತಜ್ಞರನ್ನು ಕರೆಸಿ ಎರಡು ಗಂಟೆ ಕನ್ನಡದಲ್ಲಿ ಈ ವಿಷಯ ಹೇಳಿಸಿದರೆ, ಅದೂ ಭಾಷಾಸೇವೆಯೇ.

ನಾನು ವೈದ್ಯನೇ ಹೊರತು ಹಣಕಾಸಿನ ಸಲಹೆಗಾರನಲ್ಲ. ಪ್ರತಿಯೊಬ್ಬರ ಪರಿಸ್ಥಿತಿಗೆ ತಕ್ಕ ಔಷಧವನ್ನು ಪರವಾನಗಿಯುಳ್ಳವರೇ ಬರೆದುಕೊಡಬೇಕು. ಆದರೆ ರೋಗದ ಹೆಸರು ಹೇಳಲು ನನಗೆ ಹಿಂಜರಿಕೆಯಿಲ್ಲ: ನೌಕರನೊಬ್ಬನನ್ನು ಇಟ್ಟುಕೊಂಡರೆ ಅವನಿಗೆ ತಪ್ಪದೆ ಸೂಪರ್ ಕಟ್ಟುವ ನಾವು, ನಮಗೆ ನಾವೇ ಕಟ್ಟುವುದಿಲ್ಲ. ಇಲ್ಲಿನ ಹಣಕಾಸು ವರ್ಷ ಜೂನ್ 30ಕ್ಕೆ ಮುಗಿಯುತ್ತದೆ. ಆ ವರ್ಷದ ಲೆಕ್ಕಕ್ಕೆ ಸೇರಬೇಕಾದ ಕಂತು ಅಷ್ಟರೊಳಗೆ ನಿಧಿಯ ಕೈ ತಲುಪಿರಬೇಕು. ಬ್ಯಾಂಕಿನಿಂದ ಹೋಗಲು ಕೆಲವು ದಿನ ಬೇಕಾದ್ದರಿಂದ ಜೂನ್ ಎರಡನೆಯ ವಾರದೊಳಗೆ ಕಳುಹಿಸುವುದು ಕ್ಷೇಮ.